ಎಣ್ಣೆಯೂ ಹೌದು, ಹೊಟ್ಟೂ ಹೌದು: ನನ್ನ ಮುಖಕ್ಕೆ ಯಾವುದು ಒಗ್ಗಿತು?

ಹೋದ ವರ್ಷ ಡಿಸೆಂಬರ್‌ನ ಒಂದು ಸಂಜೆ. ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯೋದು ನನ್ನ ಕೆಲಸ. ಸೀರೆ ತಗೊಂಡ ಅಜ್ಜಿಯೊಬ್ಬರು ಚಿಲ್ಲರೆ ಎಣಿಸುತ್ತಾ ನನ್ನ ಮುಖ ನೋಡಿ, "ಮೂಗಿನ ಪಕ್ಕ ಹುರಿಗಡಲೆ ಪುಡಿ ಹತ್ತೇತಿ ನೋಡವ್ವ, ಒರೆಸ್ಕೊ" ಅಂದರು. ಸ್ವಲ್ಪ ಹೊತ್ತಿನ ಮುಂಚೆ ಹುರಿಗಡಲೆ ಪುಡಿ ಹಾಕಿದ ನರ್ಗಿಸ್ ಮಂಡಕ್ಕಿ ತಿಂದಿದ್ದು ನಿಜ. ಒರೆಸಿದೆ, ಹೋಗಲಿಲ್ಲ. ಅದು ಪುಡಿಯಲ್ಲ, ನನ್ನದೇ ಚರ್ಮ.

ಅದೇ ಮೂಗು ಮಧ್ಯಾಹ್ನ 12ಕ್ಕೆಲ್ಲ ಬೆಣ್ಣೆ ದೋಸೆ ಹಂಚಿನ ಥರ ಹೊಳೆಯುತ್ತಿತ್ತು. ಎಣ್ಣೆ ಇದ್ದರೆ ಸಿಪ್ಪೆ ಏಳಬಾರದು ಅಲ್ವಾ? ಈ ಲೆಕ್ಕವೇ ತಪ್ಪು ಅಂತ ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಹೋಯಿತು.

ಮೊದಲು ಅವ್ವನ ಕಡಲೆ ಹಿಟ್ಟು. ಮೊಸರಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ತೆಗೆಯೋದು. ಎರಡು ದಿನ ಮುಖ ನುಣ್ಣಗಾಯಿತು. ಐದನೇ ದಿನ ಕೆನ್ನೆ ಉರಿ. ಮೂಗಿನ ಪಕ್ಕದ ಹೊಟ್ಟು ಇದ್ದಲ್ಲೇ ಇತ್ತು, ಕೆಂಪು ಬೇರೆ. ಮುಲ್ತಾನಿ ಮಿಟ್ಟಿಯದ್ದೂ ಇದೇ ಕಥೆ, ಇನ್ನೂ ಬೇಗ.

ಸೋಪಿನ ವಿಷಯಕ್ಕೆ ಬಂದರೆ ನೀರಿನ ವಿಷಯವನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಎರಡು ನೀರು. ಒಂದು ನಲ್ಲಿದು, ಭದ್ರಾ ಕಾಲುವೆಯಿಂದ ಬಂದು ಕೆರೆಯಲ್ಲಿ ನಿಂತು ಆಮೇಲೆ ಊರಿಗೆ ಬಿಡುವ ನೀರು. ಇನ್ನೊಂದು ಬೋರಿಂದು. ಬೋರ್ ನೀರಲ್ಲಿ ಸೋಪು ನೊರೆ ಬಿಡಲ್ಲ. ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಕೆಟ್ ಅಂಚಲ್ಲಿ ಬಿಳಿ ಪದರ ಕಟ್ಟುತ್ತೆ. ಅದೇ ಪದರ ಮುಖದ ಮೇಲೂ ಉಳಿಯುತ್ತೆ. ಸಾಲದ್ದಕ್ಕೆ, ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ) 5ರ ಆಸುಪಾಸು, ಮಾಮೂಲಿ ಸೋಪಿನದು 9ರಿಂದ 10. ತೊಳೆದ ಮೇಲೆ ಕೆನ್ನೆ ಬಿಗಿದುಕೊಳ್ಳೋದು ಅದಕ್ಕೇ. ಒಂದು ವಾರ ಸೋಪು ಬಿಟ್ಟು, ಸೋಪಲ್ಲದ ಮೆದು ಫೇಸ್‌ವಾಶ್ ತಗೊಂಡು, ನಲ್ಲಿ ನೀರನ್ನು ಕೊಡದಲ್ಲಿ ಹಿಡಿದಿಟ್ಟು ತೊಳೆದೆ. ಕೆನ್ನೆಯ ಬಿಗಿ ಅರ್ಧಕ್ಕರ್ಧ ಇಳಿಯಿತು. ಮೂಗಿನ ಪಕ್ಕ ಮಾತ್ರ ಏನೂ ಬದಲಾಗಲಿಲ್ಲ. ಕೆನ್ನೆದು ಬೇರೆ ಕಾಯಿಲೆ, ಮೂಗಿಂದು ಬೇರೆ ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬದಲಿಗೆ ಜನವರಿಯಲ್ಲಿ ಕೊಬ್ಬರಿ ಎಣ್ಣೆಗೆ ಹೋದೆ. ಮಲಗುವಾಗ ಮೂಗಿನ ಪಕ್ಕ, ಹುಬ್ಬಿನ ಮೇಲೆ ಎರಡು ಹನಿ. ಬೆಳಿಗ್ಗೆ ನೋಡಿದರೆ ಹೊಟ್ಟೇ ಇಲ್ಲ! ವಾರವಿಡೀ ಕಂಡಕಂಡವರಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆ. ಎಣ್ಣೆ ಹೊಟ್ಟನ್ನು ತೆಗೆದಿರಲಿಲ್ಲ, ಚರ್ಮಕ್ಕೆ ಅಂಟಿಸಿ ಕಾಣದಂತೆ ಮಾಡಿತ್ತು ಅಷ್ಟೇ. ಹತ್ತು ದಿನಕ್ಕೆ ಹುಬ್ಬಿನೊಳಗೆ ಕಡಿತ ಶುರು. ಕೆರೆದರೆ ಉಗುರಲ್ಲಿ ಹಳದಿ, ಜಿಡ್ಡು ಜಿಡ್ಡಾದ ಪುಡಿ. ಒಣ ಚರ್ಮದ ಸಿಪ್ಪೆ ಹೀಗೆ ಜಿಡ್ಡಾಗಿರಲ್ಲ.

ಆಮೇಲಿನದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬ್. ನಿಜ ಹೇಳುತ್ತೇನೆ, ಇಷ್ಟರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಅದೇ. ನಾಲ್ಕೇ ದಿನಕ್ಕೆ ಕೆಂಪಿಲ್ಲ, ಕಡಿತವಿಲ್ಲ. ಎರಡು ವಾರ ಹಚ್ಚಿ ಬಿಟ್ಟೆ. ಬಿಟ್ಟ ವಾರಕ್ಕೆ ಎರಡರಷ್ಟಾಗಿ ವಾಪಸ್ ಬಂತು, ಗಲ್ಲದ ಮೇಲೆ ಸಣ್ಣ ಗುಳ್ಳೆಗಳ ಜೊತೆ.

ಆ ಟ್ಯೂಬ್ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇತ್ತಂತೆ. ಮುಖಕ್ಕೆ ಹಾಗೆ ಸುಮ್ನೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತೆ ಅಂತ ಬೈಸಿಕೊಂಡೆ. ಅವರು ಮೂಗು ನೋಡುವ ಮೊದಲೇ ಬೈತಲೆ ಬಿಡಿಸಿ ನೋಡಿದರು, ಆಮೇಲೆ ಕಿವಿ ಹಿಂದೆ, ಆಮೇಲೆ ಹುಬ್ಬು. "ತಲೇಲಿ ಹೊಟ್ಟಿದೆ ಅಲ್ವಾ?" ಇತ್ತು, ಕಾಲೇಜಿನ ದಿನದಿಂದಲೂ. ಅದೂ ಇದೂ ಒಂದೇ, ಹೆಸರು ಸೆಬೊರಿಕ್ ಡರ್ಮಟೈಟಿಸ್.

ಮಲಸೀಜಿಯಾ ಅನ್ನುವ ಯೀಸ್ಟ್ (ಕಣ್ಣಿಗೆ ಕಾಣದ ಶಿಲೀಂಧ್ರ) ಎಲ್ಲರ ಚರ್ಮದ ಮೇಲೂ ಇರುತ್ತೆ. ಎಣ್ಣೆ ಜಾಸ್ತಿ ಇರುವ ಕಡೆ ಅದಕ್ಕೆ ಹಬ್ಬ. ನಮ್ಮ ಜಿಡ್ಡನ್ನು ತಿಂದು ಅದು ಉಳಿಸುವ ಒಲೆಯಿಕ್ ಆಮ್ಲ ಕೆಲವರ ಚರ್ಮಕ್ಕೆ ಆಗಿಬರಲ್ಲ. ಕೆಂಪಾಗುತ್ತೆ, ಸಿಪ್ಪೆ ಏಳುತ್ತೆ. ಅಂದರೆ ಎಣ್ಣೆ ಇದ್ದೂ ಹೊಟ್ಟು ಬಂದಿದ್ದಲ್ಲ, ಎಣ್ಣೆ ಇದ್ದದ್ದಕ್ಕೇ ಬಂದಿದ್ದು. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಅದೂ ಈ ಯೀಸ್ಟಿಗೆ ಊಟವೇ. ನಾನು ರಾತ್ರಿ ರಾತ್ರಿ ಬಡಿಸುತ್ತಿದ್ದೆ.

ಬರೆದುಕೊಟ್ಟದ್ದು ಈ ಯೀಸ್ಟನ್ನು ತಗ್ಗಿಸುವ ಔಷಧಿಯ, ಅಂದರೆ 2 ಶೇಕಡಾ ಕೀಟೋಕೊನಜೋಲ್ ಇರುವ ಶ್ಯಾಂಪೂ, ಮುಖಕ್ಕೂ. ನನಗೆ ನಗು ಬಂತು. ವಾರಕ್ಕೆ ಎರಡು ಸಲ, ಅಂಗೈಯಲ್ಲಿ ನೊರೆ ಮಾಡಿ ಹುಬ್ಬು, ಮೂಗಿನ ಪಕ್ಕ, ಹಣೆಯ ಕೂದಲಂಚಿಗೆ ಹಚ್ಚಿ, 5 ನಿಮಿಷ ಕಣ್ಣು ಮುಚ್ಚಿ ಕೂತು ತೊಳೆಯೋದು. ಆ 5 ನಿಮಿಷ ಬಹಳ ಉದ್ದ. ಟ್ಯೂಬಿನ ಥರ ನಾಲ್ಕು ದಿನಕ್ಕೆ ಪವಾಡ ಆಗಲಿಲ್ಲ. ಎರಡನೇ ವಾರ ಕಡಿತ ನಿಂತಿತು, ನಾಲ್ಕನೇ ವಾರಕ್ಕೆ ಹೊಟ್ಟು ಹೋಯಿತು. ಈಗ ವಾರಕ್ಕೊಮ್ಮೆ ಸಾಕು. ಪೂರ್ತಿ ಬಿಟ್ಟರೆ ಮತ್ತೆ ಬರಬಹುದು ಅಂತ ಮೊದಲೇ ಹೇಳಿದ್ದರು. ಒಂದು ತಿಂಗಳು ಬಿಟ್ಟು ನೋಡಿದೆ, ಬಂತು.

ಇದರದ್ದೂ ಒಂದು ತಕರಾರಿದೆ. ಕೆನ್ನೆಗೆ ತಗುಲಿದರೆ ಅಲ್ಲಿ ಒಣಗುತ್ತೆ. ಹಾಗಾಗಿ ಕೆನ್ನೆಗೆ ಬೇರೆ ವ್ಯವಸ್ಥೆ ಬೇಕಾಯಿತು. ಗಟ್ಟಿ ಕ್ರೀಮ್ ಹಚ್ಚಿದರೆ ಅಂಗಡಿ ಬಾಗಿಲು ತೆಗೆದ ಗಂಟೆಗೆಲ್ಲ ಮುಖ ಜಿಡ್ಡು. ಗ್ಲಿಸರಿನ್, ನಿಯಾಸಿನಮೈಡ್ (ಒಂದು ಬಗೆಯ ಬಿ3 ವಿಟಮಿನ್) ಇರುವ ತೆಳು ಜೆಲ್ ಒಗ್ಗಿತು. ಮುಖ ಇನ್ನೂ ಒದ್ದೆ ಇರುವಾಗಲೇ ಹಚ್ಚಬೇಕು. ಮಧ್ಯೆ ಗೆಳತಿಯ ಮಾತು ಕೇಳಿ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ಕೂಡ ತಂದೆ. ಎಣ್ಣೆಗೆ ಒಳ್ಳೆಯದೇ, ಆದರೆ ಕೆಂಪಾದ ಜಾಗಕ್ಕೆ ಮೆಣಸಿನಕಾಯಿ ಹಚ್ಚಿದ ಹಾಗಾಯಿತು. ಅವಳಿಗೇ ಕೊಟ್ಟೆ.

ನನ್ನನ್ನು ಕೇಳಿದರೆ, ತೊಳೆದ ಮೇಲೆ ಕೆನ್ನೆ ಬಿಗಿಯೋದು ಮಾತ್ರ ಇದ್ದವರು ಸೋಪು ಬಿಟ್ಟು ಜೆಲ್ ಹಿಡಿದು ನೋಡಲಿ. ಮೂಗಿನ ಸಂದಿ, ಹುಬ್ಬಲ್ಲಿ ಜಿಡ್ಡು ಹೊಟ್ಟು, ತಲೆಯಲ್ಲೂ ಹೊಟ್ಟು ಇದ್ದವರು ಎಣ್ಣೆ ಮುಟ್ಟದೆ ಡಾಕ್ಟರಿಗೆ ತೋರಿಸಲಿ. ನನ್ನ ಥರ ಎರಡೂ ಇದ್ದವರಿಗೆ ಎರಡೂ ಬೇಕು, ಬೇರೆ ಬೇರೆ ಜಾಗಕ್ಕೆ.

ಯಾವ ಕಂಪನಿಯ ಜೆಲ್ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಈಗಿನದರ ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ರಬ್ಬರ್ ಚೂರಿನ ಥರ ಸಣ್ಣ ಉಂಡೆ ಕಟ್ಟುತ್ತೆ. ಮೊನ್ನೆ ಒಬ್ಬ ಗಿರಾಕಿ ಅದನ್ನೇ ನೋಡಿ, "ಮಂಡಕ್ಕಿ ತಿಂದ್ರೇನ್ರಿ?" ಅಂತ ಕೇಳಿದರು.