ಹ್ಯಾಮರ್ ಟೆಸ್ಟ್ ರಿಪೋರ್ಟ್ ಒಂದನ್ನೇ ನಂಬಿ ಮಹಡಿ ಏರಿಸಬೇಡಿ!

ಹಳೇ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸುವ ಯೋಚನೆ ಇದ್ದವರು ದಯವಿಟ್ಟು ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿರಬಹುದು.

ನಮ್ಮದು ಅಪ್ಪ ಕಟ್ಟಿಸಿದ ಆರ್‌ಸಿಸಿ ಪಿಲ್ಲರ್ ಮನೆ. ಡ್ರಾಯಿಂಗ್ ಇಲ್ಲ. ಕಟ್ಟಿದ ಮೇಸ್ತ್ರಿ ಈಗಿಲ್ಲ. ಅದಕ್ಕೇ ತಾನೇ ದುಡ್ಡು ಕೊಟ್ಟು ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಹತ್ತಿರ ಹೋಗುವುದು? ಅವರ ಹುಡುಗರು ಬಂದರು, ಪಿಲ್ಲರ್‌ಗಳಿಗೆ ಹ್ಯಾಮರ್ (ಎಷ್ಟು ಪುಟಿಯುತ್ತೆ ನೋಡಿ ಕಾಂಕ್ರೀಟ್ ಬಲ ಅಂದಾಜು ಮಾಡುವ ಉಪಕರಣ) ಒತ್ತಿ ರೀಡಿಂಗ್ ಬರೆದುಕೊಂಡು ಹೋದರು. ರಿಪೋರ್ಟ್ ಬಂತು: ಕಾಂಕ್ರೀಟ್ ಬಲ 26.38 ಎಂಪಿಎ (ಬಲ ಅಳೆಯುವ ಮಾನ), ಎಂ20ಗಿಂತ (20 ಎಂಪಿಎ ಬಲದ ಗ್ರೇಡ್) ಜಾಸ್ತಿ, ಮಹಡಿ ಕಟ್ಟಬಹುದು. ಚುಕ್ಕೆ ಆದ ಮೇಲೆ ಎರಡು ಅಂಕಿ! ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿದ ಹಾಗೆ. ಮನೆಯವರಿಗೆಲ್ಲ ನಾನೇ ಜೋರಾಗಿ ಓದಿ ಹೇಳಿದ್ದೆ. ಈಗ ಮುಖ ತೋರಿಸೋಕಾಗ್ತಿಲ್ಲ.

ಕೊನೇ ಹಾಳೆ ತಿರುಗಿಸಿದ್ದು ನಮ್ಮ ಭಾವ. ಅಲ್ಲಿ ರೀಡಿಂಗ್‌ಗಳ ಪಟ್ಟಿ. ಬಚ್ಚಲ ಪಕ್ಕದ ಪಿಲ್ಲರ್‌ನದ್ದು ಬಹಳ ಕಡಿಮೆ, ಅದರ ಮೇಲೊಂದು ಗೀಟು. ಫೋನ್ ಮಾಡಿದೆ.

"ಅದು ರಾಂಗ್ ರೀಡಿಂಗ್ ಸಾರ್, ಆವರೇಜ್ ಕೆಡುತ್ತೆ ಅಂತ ತೆಗೆದ್ವಿ."

ಆವರೇಜ್ ಕೆಡುತ್ತಂತೆ! ಆ ಮೂಲೆಯ ಭಾರ ಹೊರುವುದು ಆವರೇಜಾ, ಆ ಪಿಲ್ಲರಾ? ಅದನ್ನು ಕೇಳಿದರೆ, "ಕೋಡ್‌ನಲ್ಲೇ 1.5 ಸೇಫ್ಟಿ ಇದೆ ಸಾರ್, ಅದು ನೋಡಿಕೊಳ್ಳುತ್ತೆ." ಅಲ್ಲ ಸ್ವಾಮಿ, ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಬಲವನ್ನು ಆ 1.5ರಿಂದ ಭಾಗಿಸುವುದು ಗ್ರೇಡ್ ಗೊತ್ತಿರುವ ಕಾಂಕ್ರೀಟಿನಲ್ಲಿ ಬರುವ ಏರುಪೇರಿಗೆ. ಒಳಗೆ ಏನಿದೆ ಅಂತಲೇ ಗೊತ್ತಿಲ್ಲದ್ದಕ್ಕೂ ಅದನ್ನೇ ತೋರಿಸಿದರೆ ಹೇಗೆ?

ಹ್ಯಾಮರ್ ಟೆಸ್ಟ್‌ಗೆ 2020ರ ತನಕ ಇದ್ದ ಕೋಡ್, 1992ರ ಐಎಸ್ 13311ರ ಎರಡನೇ ಭಾಗದಲ್ಲೇ ಬರೆದಿತ್ತು: ಅಂದಾಜು ಶೇ 25ರಷ್ಟು ಆಚೀಚೆ ಆಗಬಹುದು. ಅಂದರೆ ಅವರ 26.38 ಸುಮಾರು 20ರಿಂದ 33ರ ತನಕ ಎಲ್ಲಿ ಬೇಕಾದರೂ ಇರಬಹುದು. ಹಳೇ ಕಾಂಕ್ರೀಟ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಮೇಲ್ಮೈ ಗಟ್ಟಿಯಾಗಿದ್ದರೆ ಇನ್ನೂ ಕಷ್ಟ, ಬಲ ಶೇ 50ರವರೆಗೂ ಜಾಸ್ತಿ ತೋರಿಸಬಹುದು ಅಂತಲೂ ಅಲ್ಲೇ ಇತ್ತು. ಕಾಂಕ್ರೀಟ್ ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಗೊತ್ತಾಗುತ್ತೆ. ಚೆನ್ನಾಗಿರುವ ಕಡೆ ಗುಲಾಬಿ ಬಣ್ಣ ಬರುತ್ತೆ, ಆ ಕಾರ್ಬನ್ ಡೈಆಕ್ಸೈಡ್ ಹೊಕ್ಕ ಕಡೆ ಬಣ್ಣ ಬರಲ್ಲ. ಇವರು ಅದನ್ನೂ ಮಾಡಿರಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. "ಕಂಬಿ: ಡ್ರಾಯಿಂಗ್ ಪ್ರಕಾರ 12 ಎಂಎಂ." ಯಾವ ಡ್ರಾಯಿಂಗ್? ಡ್ರಾಯಿಂಗ್ ಇಲ್ಲ ಅಂತ ಮೊದಲ ದಿನವೇ ಹೇಳಿದ್ದೆ! ಮೈ ಉರಿದುಹೋಯಿತು. ಉತ್ತರ: "ನಿಮ್ಮ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ 12 ಇರುತ್ತೆ ಸಾರ್." ಊಹೆ ಮಾಡಲಿ, ಬೇಡ ಅನ್ನಲ್ಲ. ಊಹೆ ಅಂತ ಬರೆಯಬೇಕಲ್ವಾ? ಮಣ್ಣು ಭಾರ ಹೊರುವ ಶಕ್ತಿಗೂ ಒಂದು ಅಂಕಿ ಹಾಕಿದ್ದಾರೆ, ನಮ್ಮ ಸೈಟಲ್ಲಿ ಒಂದು ಗುಂಡಿಯೂ ತೋಡಿಲ್ಲ.

ಬೇರೆಯವರಿಂದ ಕೋರ್ ತೆಗೆಸಿದೆ, ಅಂದರೆ ಕಾಂಕ್ರೀಟ್ ತುಂಡು ಕೊರೆದು ತೆಗೆದು ಒತ್ತಿ ಮುರಿದು ಬಲ ನೋಡುವುದು. ಬಚ್ಚಲ ಪಕ್ಕದ ಪಿಲ್ಲರ್‌ನಲ್ಲಿ ಬಂದದ್ದು 13 ಎಂಪಿಎ. ಅವರು ಗೀಟು ಹಾಕಿದ ರೀಡಿಂಗೇ ಸರಿ ಇತ್ತು.

ನೀವು ಹೋದರೆ ಇಷ್ಟು ಕೇಳಿ: ಯಾವುದು ಅಳೆದದ್ದು, ಯಾವುದು ಊಹೆ, ಎಷ್ಟರಿಂದ ಎಷ್ಟು. ತೆಗೆದುಹಾಕಿದ ರೀಡಿಂಗ್ ಯಾವ ಪಿಲ್ಲರ್‌ದು ಅಂತ ಬರೆಸಿಕೊಳ್ಳಿ. "ಅನುಭವ ಇದೆ ಸಾರ್" ಅಂದರೆ ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿನ್ನೆ ಮೆಸೇಜ್ ಬಂದಿದೆ: "ಬೇಕಾದರೆ ಆ ರೀಡಿಂಗೂ ಸೇರಿಸಿ ಹೊಸ ರಿಪೋರ್ಟ್ ಕೊಡ್ತೀವಿ ಸಾರ್, ಚಾರ್ಜ್ ಬೇರೆ."