ಪ್ರೈಮರ್ ಕೂರಿಸುವ ಟೂಲ್ ಕೊಳ್ಳುವ ಮೊದಲು ಅದರ ಟ್ರೇ ನೋಡಿ

ಕಾಡತೂಸು ಮರುತುಂಬಿಸುವ ಕೆಲಸ ಶುರು ಮಾಡುವವರು ಪ್ರೆಸ್ಸು, ಡೈ, ತಕ್ಕಡಿ ಕೊಳ್ಳುವಾಗ ಹತ್ತು ಸಲ ಯೋಚಿಸುತ್ತಾರೆ. ಪ್ರೈಮರ್, ಅಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಲೋಹದ ಬಟ್ಟಲನ್ನು ಕೂರಿಸುವ ಟೂಲ್ ಮಾತ್ರ ಕೊನೆಯಲ್ಲಿ, ಕೈಗೆ ಸಿಕ್ಕಿದ್ದು ಸಾಕು ಅಂತ ಬರುತ್ತದೆ. ಆದರೆ ಸಿಡಿಯುವ ವಸ್ತುವನ್ನು ಬಲ ಹಾಕಿ ಒತ್ತುವ ಹಂತ ಇಡೀ ಕೆಲಸದಲ್ಲಿ ಇದೊಂದೇ. ಬಯಲಲ್ಲಿಟ್ಟ ಹೊಗೆರಹಿತ ಮದ್ದಿಗೆ ಬೆಂಕಿ ತಗುಲಿದರೆ ಅದು ಭುಗ್ಗನೆ ಉರಿಯುತ್ತದೆ. ಪ್ರೈಮರ್ ಹಾಗಲ್ಲ. ಜಜ್ಜಿದರೆ ಸಿಡಿಯಬೇಕು ಅಂತಲೇ ಅದನ್ನು ಮಾಡಿರುತ್ತಾರೆ.

ನನ್ನ ಕೈಯಲ್ಲಿ ಸಿಡಿದ ಟೂಲ್‌ನ ವಿಷಯ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಇಲ್ಲಿ ನೋಡಬೇಕಾದ್ದು ವಿನ್ಯಾಸ.

ಅದು ಕೈಯಲ್ಲಿ ಹಿಡಿದು ಲಿವರ್ ಹಿಂಡುವ ತರಹದ್ದು. ಮೇಲೆ ದುಂಡನೆಯ ಪ್ಲಾಸ್ಟಿಕ್ ಟ್ರೇ. ಒಂದು ಪೊಟ್ಟಣದ 100 ಪ್ರೈಮರ್‌ಗಳನ್ನು ಅದರೊಳಗೆ ಸುರಿದು ಮೆಲ್ಲಗೆ ಅಲ್ಲಾಡಿಸಿದರೆ ಎಲ್ಲವೂ ಒಂದೇ ಮಗ್ಗುಲಿಗೆ ತಿರುಗುತ್ತವೆ. ಆಮೇಲೆ ಸಣ್ಣ ಕಾಲುವೆಯಲ್ಲಿ ಒಂದರ ಹಿಂದೆ ಒಂದು ಜಾರಿ ಬಂದು ಪಂಚ್ ಮೇಲೆ ನಿಲ್ಲುತ್ತವೆ. ಕೇಸ್ (ಕಾಡತೂಸಿನ ಖಾಲಿ ಲೋಹದ ಕವಚ) ಸಿಕ್ಕಿಸಿ ಲಿವರ್ ಹಿಂಡಿದರೆ ಪಂಚ್ ಪ್ರೈಮರ್ ಅನ್ನು ಅದರೊಳಗೆ ಒತ್ತುತ್ತದೆ, ಅಷ್ಟೇ. ತುಂಬಾ ಬೇಗ ಕೆಲಸ ಆಗುತ್ತದೆ, ಕೊಳ್ಳುವವರಿಗೆ ಇಷ್ಟವಾಗುವುದೂ ಅದೇ. ತೊಂದರೆ ಏನು ಅಂದರೆ, ಪಂಚ್ ಮೇಲೆ ನಿಂತ ಪ್ರೈಮರ್‌ಗೂ ಟ್ರೇಯಲ್ಲಿ ಉಳಿದವುಗಳಿಗೂ ನಡುವೆ ಯಾವ ತಡೆಯೂ ಇರಲಿಲ್ಲ. ಕಾಲುವೆಯ ತುಂಬ ಪ್ರೈಮರ್‌ಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತಿದ್ದವು.

ಅದರ ಮೊದಲ ದೋಷ ಕಾಣಿಸಿಕೊಂಡಿದ್ದು ಬೇರೆ ರೀತಿಯಲ್ಲಿ. ಪ್ರೈಮರ್‌ಗಳು ಒಂದೇ ಆಳಕ್ಕೆ ಕೂರುತ್ತಿರಲಿಲ್ಲ. ಕೆಲವು ಸರಿಯಾಗಿ ಒಳಗೆ, ಕೆಲವು ಕೇಸ್‌ನ ತಳಕ್ಕೆ ಸಮ, ಇನ್ನು ಕೆಲವು ಬೆರಳು ಸವರಿದರೆ ತಾಗುವಷ್ಟು ಮೇಲೆ. ಪ್ರೈಮರ್ ಕೂರುವ ಕುಳಿಗಳ, ಅಂದರೆ ಪಾಕೆಟ್‌ಗಳ ಮಸಿ ಕೆರೆದು ಶುದ್ಧ ಮಾಡಿದ್ದೆ. ಕಾರಣ ಟೂಲ್‌ನಲ್ಲೇ ಇತ್ತು. ಲಿವರ್‌ನ ಕೀಲು ಸಡಿಲ. ಜೋರಾಗಿ ಹಿಂಡಿದರೆ ಪ್ಲಾಸ್ಟಿಕ್ ಮೈಯೇ ಬಾಗುತ್ತಿತ್ತು. ಪ್ರೈಮರ್ ತಳ ಮುಟ್ಟಿತು ಅಂತ ಕೈಗೆ ಅನಿಸಿದ್ದು ಬರೀ ಟೂಲ್ ಬಾಗಿದ್ದು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನು ಮಹಾ ಅನ್ನಬೇಡಿ. ಪ್ರೈಮರ್ ಅಂದರೆ ಲೋಹದ ಪುಟ್ಟ ಕಪ್, ಅದರಲ್ಲಿ ಪೆಟ್ಟಿಗೆ ಸಿಡಿಯುವ ಮಿಶ್ರಣ, ಅದರ ಮೇಲೆ ಆನ್ವಿಲ್ ಅನ್ನುವ ಸಣ್ಣ ಲೋಹದ ತುಂಡು. ಆನ್ವಿಲ್‌ನ ಕಾಲುಗಳು ಪಾಕೆಟ್‌ನ ತಳಕ್ಕೆ ಊರಿ ಕೂತಿರಬೇಕು. ಸಾಮಾನ್ಯವಾಗಿ ಪ್ರೈಮರ್ ಕೇಸ್‌ನ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು, ಅಂದರೆ ಹೆಚ್ಚುಕಡಿಮೆ 0.1 ಮಿಲಿಮೀಟರ್. ಮೇಲೆ ಉಳಿದರೆ ಫೈರಿಂಗ್ ಪಿನ್‌ನ (ಟ್ರಿಗರ್ ಎಳೆದಾಗ ಪ್ರೈಮರ್‌ಗೆ ಬಡಿಯುವ ಸಣ್ಣ ಮೊಳೆಯ) ಪೆಟ್ಟು ಪ್ರೈಮರ್ ಅನ್ನು ಒಳಗೆ ತಳ್ಳುವುದರಲ್ಲೇ ಮುಗಿಯುತ್ತದೆ. ಗುಂಡು ಹಾರುವುದಿಲ್ಲ. ಎರಡನೇ ಸಲ ಹೊಡೆದರೆ ಹಾರುತ್ತದೆ. ನನಗೆ ಮೊದಲು ಆಗಿದ್ದು ಇದೇ. ಪ್ರೈಮರ್‌ಗಳೇ ಕೆಟ್ಟಿವೆ ಅಂತ ಜನ ಬೈಯುವುದೂ ಎಷ್ಟೋ ಸಲ ಇದಕ್ಕೇ.

ಹಾರದೆ ಇರುವುದು ಸಣ್ಣ ತೊಂದರೆ. ಎಂ1 ಗ್ಯಾರಂಡ್, ಎಸ್‌ಕೆಎಸ್, ಎಆರ್-15 ತರಹದ ರೈಫಲ್‌ಗಳಲ್ಲಿ ಫೈರಿಂಗ್ ಪಿನ್ ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುತ್ತದೆ. ಎಸ್‌ಕೆಎಸ್‌ನ ಕೆಲವು ಮಾದರಿಗಳು ಮಾತ್ರ ಇದಕ್ಕೆ ಹೊರತು. ಕಾಡತೂಸನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಮುಂದೆ ನುಗ್ಗಿ ನಿಂತಾಗ ಪಿನ್ ತನ್ನ ಓಟದಲ್ಲೇ ಬಂದು ಪ್ರೈಮರ್‌ಗೆ ತಾಗುತ್ತದೆ. ಪ್ರೈಮರ್ ಮೇಲೆದ್ದು ಕೂತಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಸಿಡಿಯಬಹುದು, ಕೆಲವು ರೈಫಲ್‌ಗಳಲ್ಲಿ ಬೋಲ್ಟ್ ಪೂರ್ತಿ ಬೀಗ ಹಾಕಿಕೊಳ್ಳುವ ಮೊದಲೇ. ಬೀಗ ಬೀಳುವ ಮೊದಲೇ ಸಿಡಿದರೆ ಬಂದೂಕು ಛಿದ್ರವಾಗಬಹುದು, ಮುಖ ಅದರ ಹತ್ತಿರವೇ ಇರುತ್ತದೆ.

ಇನ್ನು ಸಿಡಿದ ದಿನದ ವಿಷಯ. ಕಾಲುವೆಯಲ್ಲಿ ಒಂದು ಪ್ರೈಮರ್ ಓರೆಯಾಗಿ ನಿಂತು, ಅದರ ಅಂಚು ಪಂಚ್ ಮೇಲಿದ್ದ ಪ್ರೈಮರ್‌ನ ಅಡಿಗೆ ಸಿಕ್ಕಿಕೊಂಡಿತು. ಹೊರಗಿನಿಂದ ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ, ಕೇಸ್ ಅದನ್ನು ಮುಚ್ಚಿರುತ್ತದೆ. ಗಟ್ಟಿ ಟೂಲ್ ಆಗಿದ್ದರೆ ಏನೋ ಅಡ್ಡ ಬಂದಿದೆ ಅಂತ ಕೈಗೆ ತಿಳಿಯುತ್ತಿತ್ತು. ಇದರಲ್ಲಿ ಪ್ರತಿ ಪ್ರೈಮರ್‌ಗೂ ಅದೇ ಮೆತ್ತನೆಯ ಅನುಭವ. ಲಿವರ್ ಹಿಂಡಿದೆ. ಒಂದು ಸಿಡಿಯಿತು, ಕಾಲುವೆಯಲ್ಲಿದ್ದವೂ ಸಿಡಿದವು, ಟ್ರೇ ಒಡೆದು ಮುಚ್ಚಳ ಹಾರಿಹೋಯಿತು. ಎಲ್ಲವೂ ಒಂದೇ ಸದ್ದಿನಂತೆ ಕೇಳಿಸಿತು. ಅಂಗೈಗೆ ಲೋಹದ ಚೂರುಗಳು ಹೊಕ್ಕವು, ಕಿವಿ ಬಹಳ ಹೊತ್ತು ಗುಂಯ್ ಅನ್ನುತ್ತಿತ್ತು. ರಕ್ಷಣಾ ಕನ್ನಡಕದ ಎಡಗಾಜಿನ ಮೇಲೆ ಚೂರುಗಳು ಕೊರೆದ ಗುರುತು ಈಗಲೂ ಇದೆ. ಕನ್ನಡಕ ಇಲ್ಲದಿದ್ದರೆ ಆ ಕಣ್ಣು ಉಳಿಯುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಪ್ರೈಮರ್ ಪೊಟ್ಟಣವನ್ನು ಒಮ್ಮೆ ಗಮನಿಸಿ ನೋಡಿ. ಒಳಗಿರುವ ಸರಕಿಗೆ ಹೋಲಿಸಿದರೆ ಡಬ್ಬಿ ಎಷ್ಟು ದೊಡ್ಡದು, ಅಲ್ವಾ? ಒಂದು ಸಿಡಿದರೆ ಪಕ್ಕದ್ದಕ್ಕೆ ತಗುಲಬಾರದು ಅಂತ ತಯಾರಕರು ಅವುಗಳನ್ನು ದೂರ ದೂರ ಇಡುತ್ತಾರೆ. ಟ್ರೇಗೆ ಸುರಿದ ಕ್ಷಣ ಆ ರಕ್ಷಣೆ ಹೋಗುತ್ತದೆ. ಹೋದ ರಕ್ಷಣೆಯನ್ನು ಟೂಲ್ ಎಷ್ಟರ ಮಟ್ಟಿಗೆ ವಾಪಸ್ ಕೊಡುತ್ತದೆ ಅನ್ನುವುದೇ ನನ್ನ ಪ್ರಕಾರ ಮೊದಲ ಪ್ರಶ್ನೆ. ವೇಗ, ಬೆಲೆ, ಹಿಡಿಯ ಅಂದ ಎಲ್ಲ ಆಮೇಲೆ. ಪಂಚ್ ಮೇಲಕ್ಕೆ ಹೋಗುವಾಗ ಟ್ರೇಯ ಬಾಯಿ ತಾನಾಗಿ ಮುಚ್ಚುವ ಗೇಟ್ ಇದೆಯೇ? ಅದು ಲೋಹದ್ದೇ, ಅಥವಾ ಸುಮ್ನೆ ತೆಳು ಪ್ಲಾಸ್ಟಿಕ್ ಪಟ್ಟಿಯೇ? ಅಂಗಡಿಯಲ್ಲಿ ಖಾಲಿ ಟೂಲ್ ಹಿಂಡಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೈ ಬಾಗಿದರೆ ಅಲ್ಲೇ ಕೆಳಗಿಡಿ.

ಕೊಳವೆಯಲ್ಲಿ ಪ್ರೈಮರ್ ತುಂಬುವ ಟೂಲ್‌ಗಳೂ ಇವೆ, ಪ್ರೆಸ್‌ಗಳಲ್ಲಿ ಇದು ಜಾಸ್ತಿ. ಅಲ್ಲಿ ಪ್ರೈಮರ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು ಹೋದರೆ ಇಡೀ ಸಾಲು ಹೋಗಬಹುದು, ಸಾಲಿನ ಮೇಲಿಟ್ಟ ಕಡ್ಡಿಯನ್ನೋ ಮುಚ್ಚಳವನ್ನೋ ಚಾವಣಿಗೆ ಹಾರಿಸಬಹುದು. ಕೊಳವೆಯ ಸುತ್ತ ದಪ್ಪ ಉಕ್ಕಿನ ಕವಚ ಇಲ್ಲದ್ದನ್ನು ತೆಗೆದುಕೊಳ್ಳಬೇಡಿ. ಕವಚ ಇದ್ದರೂ ತಲೆಯನ್ನು ಅದರ ಮೇಲೆ ಬಗ್ಗಿಸಬೇಡಿ.

ಪ್ರೆಸ್‌ನ ರ‍್ಯಾಮ್‌ನಿಂದಲೇ, ಅಂದರೆ ಹಿಡಿ ಎಳೆದರೆ ಮೇಲೆ ಕೆಳಗೆ ಸರಿಯುವ ಕಂಬದಿಂದಲೇ, ಕೂರಿಸುವವರಿಗೆ ಇನ್ನೊಂದು ಮಾತು. ಕೇಸ್‌ಗಳ ಆಕಾರ ತಿದ್ದಲಿಕ್ಕೆ ಮಾಡಿದ ಉದ್ದ ಹಿಡಿ ಅದು, ಬಲ ವಿಪರೀತ. ಪ್ರೈಮರ್ ನುಜ್ಜಾದರೂ ಕೈಗೆ ತಿಳಿಯುವುದಿಲ್ಲ. ಪಿಸ್ತೂಲಿನ .45 ಎಸಿಪಿ ಕೇಸ್‌ಗಳಲ್ಲಿ ಇದು ತುಂಬಾ ಮುಖ್ಯ. ಅವು ದೊಡ್ಡ ಪಾಕೆಟ್‌ನವೂ ಬರುತ್ತವೆ, ಸಣ್ಣ ಪಾಕೆಟ್‌ನವೂ ಬರುತ್ತವೆ, ಹೊರಗಿನಿಂದ ಎರಡೂ ಒಂದೇ. 0.210 ಇಂಚಿನ ಪ್ರೈಮರ್ ಅನ್ನು 0.175 ಇಂಚಿನ ಪಾಕೆಟ್‌ಗೆ ತುರುಕಲು ಆ ಹಿಡಿ ಹಿಂದೆಮುಂದೆ ನೋಡುವುದಿಲ್ಲ. ಸೈನ್ಯದ 5.56 ಮತ್ತು 7.62 ಮಿಲಿಮೀಟರ್ ಕೇಸ್‌ಗಳಲ್ಲಿ ಪ್ರೈಮರ್ ಸುತ್ತ ಲೋಹವನ್ನು ಬಡಿದು ಬಿಗಿ ಮಾಡಿರುತ್ತಾರೆ. ಆ ಅಂಚನ್ನು ಕೆರೆದು ಅಥವಾ ಒತ್ತಿ ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಎಂಥ ಟೂಲ್ ಇದ್ದರೂ ಬಲ ಇದಕ್ಕೆ ಪರಿಹಾರ ಅಲ್ಲ.

ಆಳವನ್ನು ಕ್ಲಿಕ್ ಲೆಕ್ಕದಲ್ಲಿ ಹೊಂದಿಸುವ ದುಬಾರಿ ಟೂಲ್‌ಗಳು ಒಳ್ಳೆಯವೇ, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಟೂಲ್‌ನಲ್ಲಿ ಕೇಸ್ ಸಿಕ್ಕಿಸುವ ಶೆಲ್ ಹೋಲ್ಡರ್ ಅದನ್ನು ಹಿಡಿಯುವುದು ರಿಮ್‌ನಿಂದ, ಅಂದರೆ ತಳದ ಅಂಚಿನಿಂದ. ರಿಮ್‌ನ ದಪ್ಪ ಕೇಸ್‌ನಿಂದ ಕೇಸ್‌ಗೆ ಬದಲಾದರೆ ಆಳವೂ ಬದಲಾಗುತ್ತದೆ. ನಾನು ಈಗ ಬಳಸುವುದು ಮೇಜಿಗೆ ಬಿಗಿದ ಲೋಹದ ಟೂಲ್, ಒಂದೊಂದೇ ಪ್ರೈಮರ್ ಇಡುವಂಥದ್ದು. ನಿಧಾನ ಹೌದು. ಆದರೆ ಆನ್ವಿಲ್ ತಳ ಮುಟ್ಟುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಮತ್ತು ಸಿಡಿದರೆ ಒಂದೇ ಸಿಡಿಯುತ್ತದೆ. ಕನ್ನಡಕ ಈಗಲೂ ಹಾಕುತ್ತೇನೆ.

ಸಡಿಲ ಟೂಲ್‌ನಲ್ಲಿ ಈಗಾಗಲೇ ಕೂರಿಸಿದ್ದರೆ, ಕೇಸ್‌ಗಳನ್ನು ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ ನೋಡಿ. ಪ್ರೈಮರ್ ಮೇಲಿದ್ದರೆ ಕೇಸ್ ಅಲುಗುತ್ತದೆ. ಮದ್ದು, ಗುಂಡು ತುಂಬಿದ ಕಾಡತೂಸಿನಲ್ಲಿ ಹೀಗಾಗಿದ್ದರೆ ಆ ಪ್ರೈಮರ್ ಅನ್ನು ಮತ್ತೆ ಒಳಗೆ ಒತ್ತಲೇಬೇಡಿ. ಗುಂಡು ಕಿತ್ತು ಮದ್ದು ಖಾಲಿ ಮಾಡಿ. ಅದಕ್ಕೂ ಸುತ್ತಿಗೆಯಂತೆ ಬಡಿಯುವ ಪುಲ್ಲರ್ ಬೇಡ, ಪ್ರೆಸ್‌ಗೆ ಹಾಕಿ ಮೆಲ್ಲಗೆ ಎಳೆಯುವ ಕಾಲೆಟ್ ಪುಲ್ಲರ್ ಬಳಸಿ.