ಮಂಡಿ ಲೆಕ್ಕಕ್ಕೆ ಯಾವ ಕ್ಲೌಡ್? ನನ್ನ ಓಟು ಪಾಸ್‌ಗೆ

ಮೊದಲೇ ಹೇಳಿಬಿಡುತ್ತೇನೆ: ಸ್ವಂತ ಪ್ರೋಗ್ರಾಂ ಬರೆದುಕೊಂಡವರಿಗೆ ಪ್ಲಾಟ್‌ಫಾರ್ಮ್ ಆಸ್ ಎ ಸರ್ವಿಸ್, ಅಂದರೆ ಪಾಸ್ (ನಮ್ಮ ಪ್ರೋಗ್ರಾಂ ಓಡಿಸಲು ಸಿದ್ಧ ಮಾಡಿಟ್ಟ ಜಾಗ), ಸಾಕು. ದಾವಣಗೆರೆ ಎಪಿಎಂಸಿಯಲ್ಲಿ ನಮ್ಮ ಭಾವನ ಮೆಕ್ಕೆಜೋಳದ ಮಂಡಿ ಇದೆ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ; ಅಲ್ಲಿನ ಲೆಕ್ಕವನ್ನು ಅದರ ಮೂರೂ ಬಗೆಯಲ್ಲಿ, ಸಾಸ್, ಐಯಾಸ್, ಪಾಸ್, ನಡೆಸಿ ನೋಡಿಯಾಗಿದೆ.

ಸಾಸ್ ಅಂದರೆ ಸಿದ್ಧ ಸಾಫ್ಟ್‌ವೇರ್. ಚಂದಾ ಕಟ್ಟಿ ಲಾಗಿನ್ ಆದರೆ ಮುಗೀತು. ಕಿರಾಣಿ ಅಂಗಡಿಯವರು ಕಣ್ಣುಮುಚ್ಚಿ ತಗೊಳ್ಳಬಹುದು. ಮಂಡಿಯಲ್ಲಿ ಚೀಲದ ತೂಕ ಕಳೆಯಬೇಕು, ಹಮಾಲಿ ಹಿಡಿಯಬೇಕು, ಕೊಟ್ಟ ಮುಂಗಡ ಮುರಿದುಕೊಳ್ಳಬೇಕು. ನಾವು ಕೊಂಡದ್ದರಲ್ಲಿ ಇದಕ್ಕೆಲ್ಲ ಜಾಗವೇ ಇರಲಿಲ್ಲ, ಹಮಾಲಿಯನ್ನು ಡಿಸ್ಕೌಂಟ್ ಕಾಲಂನಲ್ಲಿ ತುರುಕುತ್ತಿದ್ದೆವು.

ಐಯಾಸ್ ಅಂದರೆ ಬರೀ ಮಷಿನ್ ಬಾಡಿಗೆ. 2006ರಲ್ಲಿ ಅಮೆಜಾನ್‌ನ ಬಾಡಿಗೆ ಮಷಿನ್ ಸೇವೆ ಇಸಿ2 ಶುರುವಾದಾಗಿನಿಂದ ಇದರ ಆಕರ್ಷಣೆ ಒಂದೇ, ಬಳಸಿದಷ್ಟಕ್ಕೆ ದುಡ್ಡು. ಅಕ್ಟೋಬರ್‌ನಿಂದ ಮೈಮುರಿ ಕೆಲಸ, ಬೇಸಿಗೆಯಲ್ಲಿ ನೊಣ ಹೊಡೆಯುವ ಮಂಡಿಗೆ ಇನ್ನೇನು ಬೇಕು! ಬೇರೊಂದು ಕಂಪನಿಯದು ಹಿಡಿದೆ, ಹೆಸರು ಬೇಡ. ಸೀಸನ್ ಮುಗಿದ ಮೇಲೆ ವರ್ಚುವಲ್ ಮಷಿನ್ (ಅವರ ದೊಡ್ಡ ಕಂಪ್ಯೂಟರಿನಲ್ಲಿ ನಮಗೆ ಕೊಟ್ಟ ಪಾಲು) 'ಸ್ಟಾಪ್' ಮಾಡಿದರೂ ತಿಂಗಳ ಕೊನೆಗೆ ಬಿಲ್ ಬಂತು.

"ಬಂದ್ ಮಾಡೀನಿ ಅಂದಿದ್ಯಲ್ಲೋ, ಇದ್ಯಾತರ ಬಿಲ್ಲು?" ಅಂದರು ಭಾವ.

ಬಿಚ್ಚಿ ನೋಡಿದರೆ ಪ್ರೊಸೆಸರ್, ರ‍್ಯಾಮ್ ಬಾಡಿಗೆ ಸೊನ್ನೆ, ಸರಿಯೇ. ಆದರೆ 100 ಜಿಬಿ ಡಿಸ್ಕ್‌ನ ಬಾಡಿಗೆ ಓಡುತ್ತಲೇ ಇದೆ. ಕಾಯ್ದಿರಿಸಿದ ಪಬ್ಲಿಕ್ ಐಪಿಗೆ (ಮಷಿನ್ನಿನ ಇಂಟರ್ನೆಟ್ ವಿಳಾಸ) ಗಂಟೆಗಿಷ್ಟು, ಹಳೇ ಸ್ನ್ಯಾಪ್‌ಶಾಟ್‌ಗಳಿಗೆ (ಡಿಸ್ಕ್‌ನ ನಕಲು) ಬೇರೆ, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಬೀಗ ಹಾಕಿ ಊರಿಗೆ ಹೋದರೆ ಮನೆ ಬಾಡಿಗೆ ನಿಲ್ಲುತ್ತದೆಯೇ, ಹಾಗೆ. ಸ್ಟಾಪ್ ಬಟನ್ ಪಕ್ಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಡಿಸ್ಕ್ ಅಳಿಸೋಣವೆಂದರೆ ವರ್ಷದ ಲೆಕ್ಕವೆಲ್ಲ ಅದರಲ್ಲೇ. ಡೇಟಾಬೇಸ್ ಡಂಪ್, ಅಂದರೆ ಲೆಕ್ಕದ ಪೂರ್ತಿ ನಕಲು, ತೆಗೆದು, ಅಗ್ಗದ ಆಬ್ಜೆಕ್ಟ್ ಸ್ಟೋರೇಜಿಗೆ (ಫೈಲ್ ಇಡುವ ಆನ್‌ಲೈನ್ ಗೋದಾಮು) ಹಾಕಿ, ಅದು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಮಷಿನ್ ಡಿಲೀಟ್ ಮಾಡಿದೆ. ಡಿಸ್ಕ್ ಹಾಗೇ ಉಳಿದಿತ್ತು! ಅದನ್ನು ಇನ್ನೊಂದು ಪುಟದಲ್ಲಿ ಹುಡುಕಿ ಅಳಿಸಬೇಕಾಯಿತು. ಸಾಲದ್ದಕ್ಕೆ ಮಷಿನ್ನಿನ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಅಪ್‌ಡೇಟ್, ಹೊರಗಿನವರು ನುಗ್ಗದಂತೆ ತಡೆಯುವ ಫೈರ್‌ವಾಲ್ ಎಲ್ಲ ನಮ್ಮ ತಲೆಗೇ.

ಪಾಸ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಅವರ ಪಾಲು, ಕೋಡ್ ನಮ್ಮದು. ಅಗ್ಗದ ಪ್ಲಾನಿನಲ್ಲಿ ಬಳಸದೆ ಬಿಟ್ಟರೆ ಆ್ಯಪ್ ಮಲಗುತ್ತದೆ, ಬೆಳಗಿನ ಮೊದಲ ಚೀಟಿಗೆ ತುಸು ಕಾಯಬೇಕು. ಭಾವ ಅಷ್ಟರಲ್ಲಿ ಚಹಾ ಕುಡಿಯುತ್ತಾರೆ. ಆ್ಯಪ್ ರೀಸ್ಟಾರ್ಟ್ ಆದರೆ ಒಳಗೆ ಉಳಿಸಿದ ಫೈಲ್‌ಗಳು ಸಾಮಾನ್ಯವಾಗಿ ಮಾಯ. ತೂಕದ ಚೀಟಿಯ ಫೋಟೊಗಳನ್ನು ಅದಕ್ಕೇ ಹೊರಗಿನ ಸ್ಟೋರೇಜಿನಲ್ಲಿಟ್ಟಿದ್ದೇನೆ.

ಐಯಾಸ್ ಆಗಲಿ ಪಾಸ್ ಆಗಲಿ, ಸಿಕ್ಕರೆ ಮುಂಬೈ ಸರ್ವರ್ ಆರಿಸಿ. ಅಮೆರಿಕದ್ದು ಅಗ್ಗ ಕಂಡರೂ ಪ್ರತಿ ಕ್ಲಿಕ್ಕಿಗೂ ತಡ.

ವರ್ಷವಿಡೀ ಒಂದೇ ಸಮ ಕೆಲಸ ಇರುವವರು, ಲಿನಕ್ಸ್ ಬಲ್ಲ ಹುಡುಗನನ್ನು ಇಟ್ಟುಕೊಂಡವರು ಐಯಾಸ್ ಹಿಡಿಯಲಿ, ಅವರಿಗೆ ಗಿಟ್ಟುತ್ತದೆ. ನನಗೆ ಸಿಗುವುದು ಆಫೀಸು ಮುಗಿದ ಮೇಲಿನ ಒಂದು ಗಂಟೆ, ಭಾವ ತಿಂಗಳಿಗೆ ಸಾವಿರದ ಮೇಲೆ ಬಿಚ್ಚುವವರಲ್ಲ.